ಹಿರೇಮಣಿಯ ಪಾಠ: ಜಗಲಿ ಶಾಲೆಗಳಲ್ಲಿ ಮಕ್ಕಳಿಂದ ಮಕ್ಕಳ ಕಲಿಕೆ

ಮಕ್ಕಳು ಗುಂಪಾಗಿ ಕುಳಿತು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತ ಕಲಿಯುವ ಕ್ರಮವನ್ನು ಇಂದಿನ ಶಿಕ್ಷಣಶಾಸ್ತ್ರ ಸಹಯೋಗಿ ಕಲಿಕೆ ಎಂದು ಕರೆಯುತ್ತದೆ. ಇಂಗ್ಲಿಷ್ ತರಗತಿಗಳಲ್ಲಿ ಕಥನ ಬರವಣಿಗೆ ಕಲಿಸಲು ಇದನ್ನು ಹೊಸ ಉಪಾಯವೆಂಬಂತೆ ಮುಂದಿಡಲಾಗುತ್ತದೆಯಾದರೂ, ಈ ಕ್ರಮದ ಒಂದು ಹಳೆಯ ರೂಪವು ದಕ್ಷಿಣ ಭಾರತದ ಜಗಲಿ ಶಾಲೆಗಳಲ್ಲಿ ರೂಢಿಯಲ್ಲಿತ್ತು. ಕನ್ನಡ ನಾಡಿನಲ್ಲಿ ಇಂಥ ಶಾಲೆಗಳಿಗೆ ಕೂಲಿ ಮಠ ಎಂಬ ಹೆಸರೂ ಇತ್ತು.

ಈ ಶಾಲೆಗಳ ಅತ್ಯಂತ ವಿವರವಾದ ವರ್ಣನೆ ದೊರೆಯುವುದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬರೆದ ವರದಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಆದೇಶಿಸಿದ್ದ ಸಮೀಕ್ಷೆಗೆ ಉತ್ತರವಾಗಿ ಸಿದ್ಧವಾದ ಈ ವರದಿಯ ಪ್ರಕಾರ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದು, ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226, ಇಂಗ್ಲಿಷ್ ಶಾಲೆ ಒಂದೇ ಒಂದು. ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ಬೆಳಗಿನ ಆರು ಗಂಟೆಯ ಹೊತ್ತಿಗೆ ಶಾಲೆ ತೊಡಗುತ್ತಿದ್ದು, ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯ ಮೇಲೆ ಸೊನ್ನೆಯನ್ನೂ ಬರೆಯಲಾಗುತ್ತಿತ್ತು. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಹಲಗೆ ಅಥವಾ ಕಡತದ ಮೇಲೆ ಬಳಪ ಹಿಡಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟು ಮಾಡಿದ ಬರೆಯುವ ಸಾಧನ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಮತ್ತೆ ಬರೆಯಲು ಸಿದ್ಧ.

ಕಲಿಯುವವರನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿ, ಕೆಳಗಿನ ತರಗತಿಗಳನ್ನು ಮುಂದುವರಿದ ಹುಡುಗರ ಕೈಗೊಪ್ಪಿಸಲಾಗುತ್ತಿತ್ತು. ಇಂಥ ಹುಡುಗನಿಗೆ ಕನ್ನಡದಲ್ಲಿ ಹಿರೇಮಣಿ ಎಂಬ ಹೆಸರುಂಟು. ಕಲಿಸುತ್ತಲೇ ಅವನ ಕಲಿಕೆಯೂ ಗಟ್ಟಿಯಾಗುವುದನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದನು. ಅವನ ಮನಸ್ಸಿನಲ್ಲಿದ್ದದ್ದು ಆಂಡ್ರ್ಯೂ ಬೆಲ್‌ನ ಮದರಾಸು ಪದ್ಧತಿ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾದ ಬೆಲ್, ದೇಶೀ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನು ತರಲು ಹೊರಟಾಗ ಉಪಾಧ್ಯಾಯರು ಸಹಕರಿಸಲಿಲ್ಲ. ಆಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಅಕ್ಷರ ಕಲಿಸುವ ಕೆಲಸ ವಹಿಸಿದನು. 1797ರಲ್ಲಿ ಪ್ರಯೋಗದ ವಿವರ ಲಂಡನ್ನಿನಲ್ಲಿ ಪ್ರಕಟವಾಯಿತು. ಮರಳಿನ ಋಣವನ್ನು ಒಪ್ಪಿಕೊಂಡ ಬೆಲ್, ಮಕ್ಕಳಿಂದ ಪಾಠ ಹೇಳಿಸುವ ಉಪಾಯ ಮಾತ್ರ ತನ್ನದೆಂದೇ ಸಾಧಿಸಿದನು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೇ 1814ರ ಪತ್ರದಲ್ಲಿ ಅದರ ಮೂಲ ಹಿಂದೂ ಶಾಲೆಗಳೆಂದು ಬರೆದದ್ದನ್ನು ನೋಡಿದರೆ, ಬೆಲ್‌ನ ಹಟಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಹಿರೇಮಣಿಯ ಕ್ರಮದಲ್ಲಿ ಮೇಲು ಕೀಳೆಂಬುದಿತ್ತು. ಸಮಾನರು ಕೂಡಿ ಕಲಿಯುವ ಕ್ರಮವೂ ಬೇರೆಯಾಗಿ ಇತ್ತೆಂಬುದಕ್ಕೆ ಸಾಕ್ಷಿ 1623ರದು. ಆ ವರ್ಷ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಘಟ್ಟವೇರುತ್ತಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ, ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡನು. ಒಬ್ಬನು ರಾಗವಾಗಿ ಹೇಳುತ್ತ ಮರಳಿನಲ್ಲಿ ಬರೆದಂತೆ ಉಳಿದವರೂ ಹೇಳುತ್ತ ಬರೆಯುತ್ತಿದ್ದರು. ಗುರುವಿಲ್ಲದೆ ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವೆಂಬ ಉತ್ತರ ಬಂತು.

ಈ ಉತ್ತರ ಮಗ್ಗಿಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಸರಿ ಯಾವುದೆಂಬುದು ಮೊದಲೇ ನಿಶ್ಚಿತ. ಕಥನಕ್ಕೆ ಅದು ಒಪ್ಪುವುದಿಲ್ಲ. ಬಳ್ಳಾರಿಯ ಮಕ್ಕಳು ಪಂಚತಂತ್ರವನ್ನೂ ಬೇತಾಳನ ಕತೆಗಳನ್ನೂ ಓದುತ್ತಿದ್ದರಾದರೂ, ವರದಿಯಲ್ಲಿ ಕಾಣುವ ಬರವಣಿಗೆಯ ಅಭ್ಯಾಸಗಳು ಪತ್ರ ಮತ್ತು ಕರಾರುಪತ್ರಗಳ ಒಕ್ಕಣೆಗಷ್ಟೇ ಸೀಮಿತವಾಗಿವೆ. ಸ್ವಂತ ಕತೆಯನ್ನು ಕಟ್ಟಿ ಬರೆಯುವ ಪ್ರಸ್ತಾಪವೇ ಅಲ್ಲಿಲ್ಲ. ಆಡುಮಾತಿಗಿಂತ ಬೇರೆಯಾದ ಕಾವ್ಯಭಾಷೆಯ ಪಠ್ಯಗಳನ್ನು ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆಂಬ ಕ್ಯಾಂಪ್‌ಬೆಲ್‌ನ ಆಕ್ಷೇಪ, ಅವನ ಮೆಚ್ಚುಗೆಯಷ್ಟು ಪ್ರಸಿದ್ಧವಾಗಲಿಲ್ಲ. ಇತಿಹಾಸಕಾರ ಧರಂಪಾಲರ 1983ರ ಗ್ರಂಥ ಈ ಸಮೀಕ್ಷೆಯ ದಾಖಲೆಗಳನ್ನು ಮತ್ತೆ ಬೆಳಕಿಗೆ ತಂದ ಮೇಲೂ ಚರ್ಚೆ ಬಹುಮಟ್ಟಿಗೆ ಶಾಲೆಗಳ ಸಂಖ್ಯೆಯ ಸುತ್ತಲೇ ನಡೆಯಿತು.

ಇಂಗ್ಲೆಂಡಿಗಾದರೂ ಬೇಕಾಗಿದ್ದದ್ದು ಈ ಪದ್ಧತಿಯ ಅಗ್ಗದ ಗುಣ. ಬೆಲ್ ಮತ್ತು ಅವನ ಪ್ರತಿಸ್ಪರ್ಧಿ ಜೋಸೆಫ್ ಲ್ಯಾಂಕಾಸ್ಟರ್ ಇಬ್ಬರ ಶಾಲೆಗಳಲ್ಲಿಯೂ ಒಬ್ಬ ಉಪಾಧ್ಯಾಯನ ಕೈಕೆಳಗೆ ನೂರಾರು ಮಕ್ಕಳು ಕುಳಿತು, ಕಂಠಪಾಠವೇ ಮುಂದುವರಿಯಿತು. 1846ರಲ್ಲಿ ಅಲ್ಲಿನ ಸರ್ಕಾರ ವೇತನ ಕೊಟ್ಟು ಕಿರಿಯ ಶಿಕ್ಷಕರನ್ನು ತರಬೇತುಗೊಳಿಸುವ ಏರ್ಪಾಡಿಗೆ ತೊಡಗಿದ ಬಳಿಕ ಮಕ್ಕಳಿಂದ ಪಾಠ ಹೇಳಿಸುವ ಪದ್ಧತಿ ಹಿಂದೆ ಸರಿಯಿತು. ಬಳ್ಳಾರಿಯ ಹಿರೇಮಣಿಗಳಿಗೆ ವೇತನದ ಮಾತಿರಲಿ, ಮನ್ರೋ ಕಳುಹಿಸಿದ ನಮೂನೆಯಲ್ಲಿ ಪ್ರತ್ಯೇಕ ಕಾಲಮ್ಮೂ ಇರಲಿಲ್ಲ. ಅವರು ಆ 6,641 ವಿದ್ಯಾರ್ಥಿಗಳ ಲೆಕ್ಕದಲ್ಲಿಯೇ ಸೇರಿಹೋಗಿದ್ದಾರೆ.