ಬರ್ಕ್ಲಿಯ ಪುಕ್ಕಟೆ ಪಾಠಕ್ಕೆ ಫೀಸು ಬಂದ ಕಥೆ

1923ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಸೇರಿದ ಬಿಹಾರದ ತರುಣನೊಬ್ಬ ಓದಿನ ಖರ್ಚಿಗಾಗಿ ತೋಟಗಳಲ್ಲಿ ದ್ರಾಕ್ಷಿ ಬಿಡಿಸಿದ, ಒಣಹಾಕಿದ, ಹೋಟೆಲಿನಲ್ಲಿ ತಟ್ಟೆ ತೊಳೆದ. ಅಷ್ಟು ದುಡಿದರೂ ಫೀಸು ದುಪ್ಪಟ್ಟಾದಾಗ ತಾಳಲಾರದೆ ಅಯೋವಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದ. ಅವರೇ ಮುಂದೆ ತುರ್ತುಪರಿಸ್ಥಿತಿಗೆ ಎದುರು ನಿಂತ ಜಯಪ್ರಕಾಶ ನಾರಾಯಣ.

ಅದೇ ತರಗತಿಯ ಸ್ಥಳೀಯ ಹುಡುಗರಿಗೆ ಈ ತಾಪತ್ರಯ ಇರಲಿಲ್ಲ. ವಿಶ್ವವಿದ್ಯಾಲಯವನ್ನು ಹುಟ್ಟುಹಾಕಿದ 1868ರ ಕಾಯಿದೆಯಲ್ಲೇ, ಆದಾಯ ಒದಗಿದ ಕೂಡಲೇ ರಾಜ್ಯದ ನಿವಾಸಿಗಳಿಗೆಲ್ಲ ಪಾಠ ಪುಕ್ಕಟೆ ಎಂದು ಬರೆದಿತ್ತು. ಚಿಲ್ಲರೆ ಶುಲ್ಕಗಳಿದ್ದವು, ಬೋಧನೆಗೆ ಬೆಲೆ ಇರಲಿಲ್ಲ. 1960ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್ ಮುಂದೆ ನಿಂತು ರೂಪಿಸಿದ ಉನ್ನತ ಶಿಕ್ಷಣದ ‘ಮಾಸ್ಟರ್ ಪ್ಲಾನ್’ ಕೂಡ ಇದೇ ಮಾತನ್ನು ಎತ್ತಿಹಿಡಿಯಿತು. ಡಾಕ್ಟರು, ಎಂಜಿನಿಯರುಗಳಿಂದ ಲಾಭ ಇಡೀ ರಾಜ್ಯಕ್ಕೆ, ಆದ್ದರಿಂದ ಖರ್ಚೂ ರಾಜ್ಯದ್ದೇ ಎಂಬ ಲೆಕ್ಕ ಅದು.

ಇನ್ನೊಂದು ಲೆಕ್ಕ ಆಗಲೇ ಹುಟ್ಟಿತ್ತು. 1955ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ವೃತ್ತಿಶಿಕ್ಷಣದಿಂದ ಸಂಪಾದನೆ ಹೆಚ್ಚುವುದು ಓದಿದವನಿಗೆ, ಬೇಕಾದರೆ ಮುಂದಿನ ಗಳಿಕೆಯ ಒಂದು ಪಾಲಿನ ಮೇಲೆ ಅವನಿಗೆ ಹಣ ಕೊಡಿ ಎಂದು ವಾದಿಸಿದ್ದರು. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿದ ಗಾಬರಿಯಲ್ಲಿ 1958ರಲ್ಲಿ ಅಮೆರಿಕ ಸರ್ಕಾರವೇ ವಿದ್ಯಾರ್ಥಿಗಳಿಗೆ ಅಗ್ಗದ ಬಡ್ಡಿಯ ಸಾಲ ಕೊಡತೊಡಗಿತು. 1965ರಲ್ಲಿ ಬ್ಯಾಂಕುಗಳ ಸಾಲಕ್ಕೂ ಸರ್ಕಾರ ಖಾತರಿ ನಿಂತಿತು.

ಬರ್ಕ್ಲಿಯ ಗೋಡೆ ಒಡೆದದ್ದು ಮಾತ್ರ ರಾಜಕೀಯದಿಂದ. 1964ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ನಡೆಸಿದ ವಾಕ್‌ಸ್ವಾತಂತ್ರ್ಯ ಚಳವಳಿಯ ಗದ್ದಲವನ್ನೇ ಚುನಾವಣೆಯ ವಿಷಯವಾಗಿಸಿಕೊಂಡ ರೊನಾಲ್ಡ್ ರೇಗನ್ ಗವರ್ನರ್ ಆಗಿ ಗೆದ್ದರು. 1967ರ ಜನವರಿಯಲ್ಲಿ ಅಧಿಕಾರ ಹಿಡಿದ ಮೂರು ವಾರಕ್ಕೇ ಕೆರ್ ಅವರಿಗೆ ಗೇಟ್‌ಪಾಸ್. ಅನುದಾನ ಕಡಿತ, ಬೋಧನಾ ಶುಲ್ಕ ಎರಡೂ ಒಟ್ಟಿಗೇ ಪ್ರಸ್ತಾಪಕ್ಕೆ ಬಂದವು. ಕೆಟ್ಟ ಹುಡುಗರಿಗೆ ದಂಡ ಹಾಕುವ ಉಮೇದು ಅದರಲ್ಲಿ ಇರಲೇ ಇಲ್ಲ ಎನ್ನುವುದು ಕಷ್ಟ. ಸಂಪ್ರದಾಯ ಮುರಿಯಲು ಆಡಳಿತ ಮಂಡಳಿಗೂ ಸಂಕೋಚ. 1970ರಲ್ಲಿ ‘ಶೈಕ್ಷಣಿಕ ಶುಲ್ಕ’ ಎಂಬ ಹೆಸರಿನಲ್ಲಿ ವರ್ಷಕ್ಕೆ 150 ಡಾಲರ್ ಹೇರಿತು. ಅದನ್ನು ‘ಟ್ಯೂಷನ್’ ಎಂದು ಒಪ್ಪಿಕೊಳ್ಳಲು 2010 ಬರಬೇಕಾಯಿತು!

ಒಮ್ಮೆ ಬಾಗಿಲು ತೆರೆದ ಮೇಲೆ ಬೊಕ್ಕಸ ಬರಿದಾದಾಗಲೆಲ್ಲ ಕಣ್ಣು ಅತ್ತಲೇ. 1978ರ ‘ಪ್ರಪೊಸಿಷನ್ 13’ ಎಂಬ ಜನಮತ ನಿರ್ಣಯ ಆಸ್ತಿ ತೆರಿಗೆಗೆ ಮಿತಿ ಹಾಕಿ ರಾಜ್ಯದ ಕೈ ಕಟ್ಟಿತು. 2009ರ ನವೆಂಬರಿನಲ್ಲಂತೂ ಒಂದೇ ಸಭೆಯಲ್ಲಿ ಫೀಸು ಶೇ. 32 ಏರಿ 10,000 ಡಾಲರ್ ದಾಟುವಂತಾಯಿತು. ವಿದ್ಯಾರ್ಥಿಗಳು ಬರ್ಕ್ಲಿಯ ವೀಲರ್ ಹಾಲ್‌ಗೆ ನುಗ್ಗಿ ಒಳಗಿನಿಂದ ಬಾಗಿಲು ಭದ್ರಪಡಿಸಿಕೊಂಡು ಕೂತರು. ಪೊಲೀಸರು ಬಂದರು, ಬಂಧನವಾಯಿತು, ಏರಿಕೆ ಉಳಿಯಿತು.

ಸಾಲವೂ ಬಿಗಿಯಾಗುತ್ತ ಬಂತು. ದಿವಾಳಿಯಾದರೂ ವಿದ್ಯಾರ್ಥಿ ಸಾಲ ಸುಲಭಕ್ಕೆ ಬಿಡದಂತೆ 1976ರಲ್ಲಿ ಕಾನೂನು ಬಂತು. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತನ್ನ ‘ಕಾಲೇಜ್ ಸ್ಕೋರ್‌ಕಾರ್ಡ್’ ಜಾಲತಾಣವನ್ನು ಹೊಸದಾಗಿ ರೂಪಿಸಿ, ಆಯಾ ಕಾಲೇಜಿನಲ್ಲಿ ಓದಿದವರ ಸಂಬಳ, ಸಾಲ ಎರಡನ್ನೂ ಒಂದೇ ಪುಟಕ್ಕೆ ತಂದಿತು. ಆಮೇಲೆ ಕೋರ್ಸುವಾರು ಅಂಕಿಗಳೂ ಸೇರಿದವು. ಪದವಿ ಎಂದರೆ ಓದಿದವನ ಸ್ವಂತ ಗಳಿಕೆ ಎಂಬ ವಾದಕ್ಕೆ ಅಂಕಿಪಟ್ಟಿ ಸಿಕ್ಕಿದ್ದು ಫೀಸು ಬಂದು ನಾಲ್ಕು ದಶಕ ಕಳೆದ ಮೇಲೆ.

ಈಗ ಅನುದಾನ, ವಿದ್ಯಾರ್ಥಿವೇತನಗಳ ದೆಸೆಯಿಂದ ಈ ವಿಶ್ವವಿದ್ಯಾಲಯದ ಕ್ಯಾಲಿಫೋರ್ನಿಯಾ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಟ್ಯೂಷನ್ ಕಟ್ಟುವುದಿಲ್ಲ. ಅಂಥವರೂ ಸಾಲ ಮಾಡುವುದುಂಟು, ಬರ್ಕ್ಲಿಯ ಮನೆ ಬಾಡಿಗೆಗೆ.