ಶ್ಯಾಡೋರನ್ ಅಭಿಮಾನಿ ಪೂರಕಗಳು

ಶ್ಯಾಡೋರನ್ ಎಂಬ ಟೇಬಲ್‌ಟಾಪ್ ಪಾತ್ರಾಭಿನಯ ಆಟಕ್ಕಾಗಿ ಆಟಗಾರರೇ ರಚಿಸಿದ ನಿಯಮಗಳು, ಕಥಾಸ್ಥಳಗಳು, ಸಾಹಸಕಥನಗಳು ಹಾಗೂ ತಂತ್ರಾಂಶಗಳನ್ನು ಅಭಿಮಾನಿ ಪೂರಕಗಳು ಎನ್ನಲಾಗುತ್ತದೆ. 1989ರಲ್ಲಿ ಅಮೆರಿಕದ ಫಾಸಾ ಕಾರ್ಪೊರೇಷನ್ ಪ್ರಕಟಿಸಿದ ಈ ಸೈಬರ್‌ಪಂಕ್ ಆಟದ ಭವಿಷ್ಯಲೋಕದಲ್ಲಿ ದೈತ್ಯ ಕಂಪನಿಗಳ ಜೊತೆಗೆ ಮಾಂತ್ರಿಕರು, ಎಲ್ಫ್‌ಗಳು, ಡ್ರ್ಯಾಗನ್‌ಗಳೂ ಇವೆ.

ಆರಂಭದ ಅಧಿಕೃತ ಪುಸ್ತಕಗಳಿಗೆ ಸಿಯಾಟಲ್ ನಗರವೇ ಕೇಂದ್ರವಾಗಿತ್ತು. ಬೇರೆ ಊರುಗಳಲ್ಲಿ ಕಥೆ ನಡೆಸಬಯಸಿದವರು ಅಲ್ಲಿನ ವಿವರಗಳನ್ನು ಬಹುಮಟ್ಟಿಗೆ ತಾವೇ ಕಲ್ಪಿಸಿಕೊಳ್ಳಬೇಕಿತ್ತು. 1990ರ ದಶಕದಲ್ಲಿ ಅಂತರಜಾಲದ ಮೂಲಕ ಉಚಿತವಾಗಿ ಹಂಚಿಕೆಯಾದ ಸಂಕಲನಗಳಲ್ಲಿ 'ನಿಯೋ-ಅನಾರ್ಕಿಸ್ಟ್ಸ್ ಗೈಡ್ ಟು ಎವೆರಿಥಿಂಗ್ ಎಲ್ಸ್' ಮತ್ತು 'ದಿ ಶ್ಯಾಡೋರನ್ ಸಪ್ಲಿಮೆಂಟಲ್' ಹೆಸರಿಸತಕ್ಕವು. ಮೊದಲನೆಯದರ ಶೀರ್ಷಿಕೆಯು 'ನಿಯೋ-ಅನಾರ್ಕಿಸ್ಟ್ಸ್ ಗೈಡ್' ಎಂಬ ಹೆಸರಿನ ಅಧಿಕೃತ ಪುಸ್ತಕಗಳನ್ನು ತಮಾಷೆಯಾಗಿ ಅನುಕರಿಸುತ್ತದೆ.

ಈ ಆಟದಲ್ಲಿ ಪಾತ್ರವೊಂದನ್ನು ಸಿದ್ಧಪಡಿಸಲು ದೀರ್ಘ ಲೆಕ್ಕಾಚಾರ ಬೇಕಾಗುತ್ತದೆ. ಕೌಶಲ, ಆಯುಧ, ದೇಹದೊಳಗಿನ ಯಂತ್ರಾಂಗ, ಮಂತ್ರಶಕ್ತಿ ಎಲ್ಲಕ್ಕೂ ಪ್ರತ್ಯೇಕ ನಿಯಮಗಳಿವೆ. ಈ ಲೆಕ್ಕವನ್ನು ನಿರ್ವಹಿಸುವ 'ಚಮ್ಮರ್' ಎಂಬ ಉಚಿತ ತಂತ್ರಾಂಶವು ಪ್ರಾಯಶಃ ಅಭಿಮಾನಿಗಳ ಅತ್ಯಂತ ಉಪಯುಕ್ತ ಕೊಡುಗೆ. ಆಟದ ಆಡುಭಾಷೆಯಲ್ಲಿ ಈ ಪದಕ್ಕೆ ಗೆಳೆಯ ಎಂದರ್ಥ.

ಪೂರಕವನ್ನು ಬರೆದವರಿಗೆ ಕಥಾಲೋಕದ ಮೇಲೆ ಹಕ್ಕಿಲ್ಲ. ಆದ್ದರಿಂದ ಅನುಮತಿಯಿಲ್ಲದೆ ಅದನ್ನು ಮಾರುವುದು ಕಾನೂನಿನ ತೊಡಕಿಗೆ ಎಡೆಮಾಡಬಹುದು. 2001ರಲ್ಲಿ ಫಾಸಾ ತನ್ನ ಚಟುವಟಿಕೆ ನಿಲ್ಲಿಸಿದ ಬಳಿಕ ಮುದ್ರಿತ ಆಟದ ಹಕ್ಕು ವಿಜ್‌ಕಿಡ್ಸ್ ಮೂಲಕ ಟಾಪ್ಸ್ ಕಂಪನಿಗೆ ಸೇರಿತು. ಪರವಾನಗಿ ಪಡೆದ ಪ್ರಕಾಶಕ ಸಂಸ್ಥೆಯಾದ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್ ಮುಂದೆ 'ಹೋಲೋಸ್ಟ್ರೀಟ್ಸ್' ಯೋಜನೆಯನ್ನು ಆರಂಭಿಸಿ, ನಿಗದಿತ ನಿಬಂಧನೆಗಳಿಗೆ ಒಳಪಟ್ಟು ಅಭಿಮಾನಿಗಳು ತಮ್ಮ ಕೃತಿಗಳನ್ನು ಮಾರಲು ಅವಕಾಶ ನೀಡಿದೆ.