ಹೇಳಲು ಸುಲಭ, ಬಿಡಿಸಲು ಕಠಿಣ: ಉತ್ತರ ಸಿಗದ ಮೂರು ಲೆಕ್ಕಗಳು



ಗಣಿತವೆಂದರೆ ಎಲ್ಲ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಉತ್ತರ ಇದ್ದೇ ಇರುತ್ತದೆ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಐದನೆಯ ತರಗತಿಯ ಮಗುವಿಗೂ ತಿಳಿಯುವ, ಆದರೆ ಜಗತ್ತಿನ ಪಂಡಿತರಿಗೂ ಬಗೆಹರಿಯದ ಲೆಕ್ಕಗಳಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದ್ದೇವೆ.

1. ಗೋಲ್ಡ್‌ಬಾಕ್ ಊಹೆ: 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮ ಸಂಖ್ಯೆಯನ್ನೂ ಎರಡು ಅವಿಭಾಜ್ಯ ಸಂಖ್ಯೆಗಳ (ಮರಾಠಿ ಶಾಲೆಯವರಿಗೆ 'ಮೂಳ ಸಂಖ್ಯಾ') ಮೊತ್ತವಾಗಿ ಬರೆಯಬಹುದೇ? 10 = 3 + 7, 28 = 5 + 23. ಇದರ ಮೂಲ 1742ರಲ್ಲಿ ಗೋಲ್ಡ್‌ಬಾಕ್ ಅವರು ಆಯ್ಲರ್ ಅವರಿಗೆ ಬರೆದ ಪತ್ರದಲ್ಲಿದೆ. ಕಂಪ್ಯೂಟರ್ ಬಹಳ ದೂರದವರೆಗೆ ತಾಳೆ ನೋಡಿದೆ, ಎಲ್ಲಿಯೂ ತಪ್ಪಿಲ್ಲ. ಆದರೆ ತಾಳೆ ನೋಡುವುದು ಸಾಧನೆಯಲ್ಲ, ಸಂಖ್ಯೆಗಳಿಗೆ ಕೊನೆಯಿಲ್ಲ.

2. ಕೊಲಾಟ್ಸ್ ಊಹೆ: ಯಾವುದೇ ಸಂಖ್ಯೆ ತೆಗೆದುಕೊಳ್ಳಿ. ಸಮವಾದರೆ ಅರ್ಧ ಮಾಡಿ. ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಹೀಗೇ ಮುಂದುವರಿದರೆ ಕೊನೆಗೆ 1 ಬಂದೇ ಬರುವುದೇ? 7ರಿಂದ ಹೊರಟರೆ 16 ಹೆಜ್ಜೆ. 27ರಿಂದ ಹೊರಟರೆ 9232ರವರೆಗೆ ಏರಿ, 111 ಹೆಜ್ಜೆಗಳ ನಂತರ 1ಕ್ಕೆ ಇಳಿಯುತ್ತದೆ. ಯಾವಾಗಲೂ ಇಳಿಯುತ್ತದೆಯೇ? ಇಂದಿಗೂ ಸಾಧನೆ ದೊರೆತಿಲ್ಲ.

3. ಘಾತಗಳ ಪ್ರಶ್ನೆ: 'ಕ' ಎಂಬ ಒಂದು ಸಂಖ್ಯೆ ಇದೆ, ಅದು ದಶಮಾಂಶವೂ ಆಗಿರಬಹುದು. 2ರ 'ಕ' ಘಾತ, 3ರ 'ಕ' ಘಾತ ಇವೆರಡೂ ಪೂರ್ಣಾಂಕವಾದರೆ 'ಕ' ಕೂಡ ಪೂರ್ಣಾಂಕವೇ ಆಗಬೇಕೇ? ಉದಾಹರಣೆಗೆ 'ಕ' ಸುಮಾರು 1.585 ಆದಾಗ 2ರ ಘಾತ ಸರಿಯಾಗಿ 3 ಆಗುತ್ತದೆ, ಆದರೆ 3ರ ಘಾತ ಸುಮಾರು 5.70 ಆಗಿ ಕೈಕೊಡುತ್ತದೆ. ಆಗಲೇಬೇಕು ಎಂದು ಯಾರೂ ಸಾಧಿಸಿಲ್ಲ. 2, 3ರ ಜೊತೆಗೆ 5ರ ಘಾತವೂ ಪೂರ್ಣಾಂಕವೆಂದರೆ ಮಾತ್ರ ಉತ್ತರ 'ಹೌದು'. ಇದು 'ಆರು ಘಾತಗಳ ಪ್ರಮೇಯ'ದ ಫಲ. 1960ರ ದಶಕದಲ್ಲಿ ಈ ಪ್ರಮೇಯವನ್ನು ಬೇರೆ ಬೇರೆಯಾಗಿ ಸಾಧಿಸಿ ಪ್ರಕಟಿಸಿದವರು ಇಬ್ಬರು: ಸರ್ಜ್ ಲ್ಯಾಂಗ್ ಮತ್ತು ನಮ್ಮ ಕನ್ನಡ ನಾಡಿನ ಕೆ. ರಾಮಚಂದ್ರ.

ರಾಮಚಂದ್ರ ಅವರು 1933ರಲ್ಲಿ ಮಂಡ್ಯದಲ್ಲಿ ಜನಿಸಿದರು. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಬಹುಮಾನವಾಗಿ ಬಂದ ರಾಮಾನುಜನ್ ಅವರ ಕಿರು ಜೀವನಚರಿತ್ರೆ ಅವರಿಗೆ ಗಣಿತದ ಹುಚ್ಚು ಹಿಡಿಸಿತು. ಮನೆಯ ಹೊಣೆಗಾಗಿ ಮಿನರ್ವ ಮಿಲ್ಲಿನಲ್ಲಿ ಗುಮಾಸ್ತರಾಗಿ ದುಡಿದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, 1965ರಲ್ಲಿ ಡಾಕ್ಟರೇಟ್ ಪಡೆದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಂದಿಗೆ 'ಹಾರ್ಡಿ–ರಾಮಾನುಜನ್ ಜರ್ನಲ್' ಆರಂಭಿಸಿದರು. 2011ರಲ್ಲಿ ನಿಧನರಾದರು.

ಜೀವಮಾನವಿಡೀ ಲೆಡ್ಜರ್ ಬರೆದು ನಿವೃತ್ತರಾದ ನಮಗೆ, ಗುಮಾಸ್ತರ ಕುರ್ಚಿಯಿಂದ ಎದ್ದು ಅಷ್ಟು ದೂರ ಹೋದವರ ವಿಷಯ ತಡವಾಗಿ ತಿಳಿಯಿತು. ನಮ್ಮ ಮಕ್ಕಳಿಗೆ ತಡವಾಗಬಾರದು. ಗಡಿಭಾಗದ ಕನ್ನಡ ಶಾಲೆಯಲ್ಲಿ ಓದಿದರೆ ಮುಂದೇನು ಎಂದು ಕೇಳುವ ಪಾಲಕರಿಗೆ ಈ ಹೆಸರನ್ನು ತಿಳಿಸಿರಿ.

ಜತ್ತ, ಅಕ್ಕಲಕೋಟ, ಸೊಲ್ಲಾಪುರ ಕಡೆಯ ಸದಸ್ಯರಲ್ಲಿ ಒಂದು ವಿನಂತಿ: ಮನೆಯ ಮಕ್ಕಳಿಂದ 27ರ 111 ಹೆಜ್ಜೆಗಳನ್ನು ಕೈಯಿಂದಲೇ ಬರೆಸಿ, ಮುಂದಿನ ಸಭೆಗೆ ಬರುವಾಗ ತನ್ನಿರಿ. ಒಂದೆಡೆ ತಪ್ಪಿದರೆ ಬೇಸರ ಬೇಡ, ಮತ್ತೆ ಮೊದಲಿನಿಂದ ಮಾಡಲಿ.

– ಕಾರ್ಯದರ್ಶಿ